ಕಿಟಕಿಯಿಲ್ಲದ ಕಿಟಕಿ ಸೀಟು

ಗಿರಣಿ ಚಾಚಿಯ ಕಣ್ಣುರೆಪ್ಪೆಗಳು ಬೆಳಿಗ್ಗೆ ಬೆಳ್ಳಗಿರುತ್ತಿದ್ದವು, ಮಧ್ಯಾಹ್ನ ಕೆಂಪಗಾಗುತ್ತಿದ್ದವು. ಬೆಳಿಗ್ಗೆ ಜೋಳ ಬೀಸುತ್ತಿದ್ದಳು, ಊಟದ ಹೊತ್ತು ಕಳೆದ ಮೇಲೆ ಖಾರ ಕುಟ್ಟುತ್ತಿದ್ದಳು. ನಾವು ಹುಡುಗಿಯರು ಡಬ್ಬಿ ಹಿಡಿದು ಬಾಗಿಲಲ್ಲೇ ಸೀನಿ ಸೀನಿ ಕಣ್ಣೀರು ಸುರಿಸುತ್ತಿದ್ದರೆ, ಆಕೆ ಆ ಕೆಂಪು ಧೂಳಿನೊಳಗೆ ಮೂಗಿಗೆ ಸೆರಗನ್ನೂ ಹಿಡಿಯದೆ ಆರಾಮವಾಗಿ ಓಡಾಡುತ್ತಿದ್ದಳು. ರೆಪ್ಪೆ ಒರೆಸಿಕೋ ಚಾಚಿ ಎಂದರೆ, “ಮತ್ತ ಕೂಡ್ತದ ಬಿಡು ಬೇಟಿ” ಎಂದು ನಗುತ್ತಿದ್ದಳು.

ದೇವದುರ್ಗದ ನಮ್ಮ ಓಣಿಗೆ ಆಕೆ ಮಾನ್ವಿಯಿಂದ ಮದುವೆಯಾಗಿ ಬಂದವಳು. ಗಂಡ ಬೇಗ ತೀರಿಕೊಂಡ. ಅಣ್ಣಂದಿರು ಬಂದು ಕರೆದರೂ ಮಾನ್ವಿಗೆ ಹೋಗಲಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದು, ಗಿರಣಿಯನ್ನು ತಾನೇ ನಡೆಸಿದಳು. ಬೀಸಿದ ಮೇಲೆ ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟನ್ನೂ ಕುಂಚದಿಂದ ಗುಡಿಸಿ, ಯಾರದೋ ಅವರ ಡಬ್ಬಿಗೇ ಹಾಕುತ್ತಿದ್ದಳು. ಜೋಳ ಹಸಿ ಇದ್ದರೆ ಮುಖದ ಮೇಲೇ ಹೇಳುತ್ತಿದ್ದಳು, “ಒಣಗಿಸ್ಕೊಂಡು ಬರ್ರಿ, ರೊಟ್ಟಿ ಹರೀತಾವ, ಆಮ್ಯಾಲ ನನಗ ಬೈತೀರಿ.” ಚಾಚಿ ಹೇಳಿದಳೆಂದರೆ ಓಣಿಯಲ್ಲಿ ಅದಕ್ಕೆ ಎರಡನೇ ಮಾತಿರಲಿಲ್ಲ. ಆಕೆಯ ಬಾಯಿಂದ ನಾನು ಕೇಳಿದ ಸುಳ್ಳು ಒಂದೇ, ಆ ಕತೆಯನ್ನೇ ಹೇಳಹೊರಟಿದ್ದೇನೆ.

ಮಧ್ಯಾಹ್ನ ಕರೆಂಟು ಹೋದಾಗ ಗಿರಣಿಯ ಪಟ್ಟಾ ನಿಧಾನವಾಗಿ ನಿಲ್ಲುತ್ತಿತ್ತು. ಇಡೀ ಓಣಿಗೆ ಒಮ್ಮೆಲೇ ಕಿವಿ ಮುಚ್ಚಿದ ಹಾಗಾಗುತ್ತಿತ್ತು. ಆಗ ಚಾಚಿ ಮೆಟ್ಟಿಲ ಮೇಲೆ ಬಂದು ಕೂತು ಮೇಲೆ ನೋಡುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಹೈದರಾಬಾದಿನಿಂದ ಹುಬ್ಬಳ್ಳಿಗೆ ಸರ್ಕಾರಿ ಕಂಪನಿಯ ಸಣ್ಣ ವಿಮಾನವೊಂದು ಶುರುವಾಗಿತ್ತು. ಅದು ನಮ್ಮ ಓಣಿಯ ನೆತ್ತಿಯ ಮೇಲೆಯೇ ಹಾದು ಹೋಗುತ್ತಿತ್ತು. ಬಿಸಿಲಲ್ಲಿ ಮಿಣುಕಿ, ಬೇವಿನ ಮರದ ಹಿಂದೆ ಮರೆಯಾಗುವವರೆಗೆ ಚಾಚಿ ಕಣ್ಣು ಕೀಳುತ್ತಿರಲಿಲ್ಲ. ನಾನು ರಾಯಚೂರಿನಲ್ಲಿ ಹೈಸ್ಕೂಲು ಟೀಚರಾಗಿ ಸೇರಿದ ಮೇಲೆ, ರಜೆಗೆ ಬಂದಾಗಲೆಲ್ಲ ಆಕೆಯದು ಒಂದೇ ಪ್ರಶ್ನೆ.

“ಬೇಟಿ, ಅದರಾಗ ಕುಂತವರಿಗೆ ನಮ್ಮ ಓಣಿ ಕಾಣ್ತದೇನ?”

“ಕಾಣಬಹುದು ಚಾಚಿ.”

“ಹೆಂಗ ಕಾಣ್ತದ?”

ನನಗೇನು ಗೊತ್ತು? ನಾನೂ ವಿಮಾನ ಹತ್ತಿದವಳಲ್ಲ. ಕೊನೆಗೆ ಒಂದು ದಿನ ಆಕೆಯೇ ಅಂದಳು, “ಹೋಗಿ ನೋಡೇ ಬಿಡೋಣ ನಡಿ.”

ಓಣಿ ಬಿದ್ದು ಬಿದ್ದು ನಕ್ಕಿತು. ಮೂಡಣ ದಿಕ್ಕಿಗೆ ಹೈದರಾಬಾದಿನ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹಾರಿ, ತನ್ನ ಮನೆಯನ್ನೇ ದಾಟಿ ಹುಬ್ಬಳ್ಳಿಯಲ್ಲಿ ಇಳಿದು, ಮತ್ತೆ ಬಸ್ಸಿನಲ್ಲಿ ತನ್ನ ಮನೆಗೇ ಬರುವುದು! ಆದರೆ ನಕ್ಕವರೇ ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಗಿರಣಿಗೆ ಬಂದರು. “ಚಾಚಿ, ಅಷ್ಟು ಮ್ಯಾಲಿಂದ ಯಾರ ಮನಿ ಯಾವುದು ಅಂತ ಹೆಂಗ ಗುರುತು ಸಿಗಬೇಕು?” ಆಗ ಮೆಣಸಿನಕಾಯಿ ಬಿಡಿಸಿದ ಹೊಸತು. ಎಲ್ಲರೂ ತಂತಮ್ಮ ಮಾಳಿಗೆ ತುಂಬ ಕೆಂಪು ಕಾಯಿ ಹರವುವುದು, ಪಕ್ಕದಲ್ಲೇ ತಾವೂ ಕೂಡುವುದು ಎಂದು ಮೂಲೆಮನೆಯ ಅಜ್ಜಿ ಫರ್ಮಾನು ಹೊರಡಿಸಿದಳು. ಆ ದಿನ ಹತ್ತಿ ಬಿಡಿಸುವ ಕೂಲಿಗೂ ಯಾರೂ ಹೋಗುವುದಿಲ್ಲವೆಂದು ಆಯಿತು. ಚಾಚಿ ಎಲ್ಲರಿಗೂ ಮಾತು ಕೊಟ್ಟಳು, “ಒಬ್ಬೊಬ್ಬರದೂ ನೋಡಿ ಬಂದು ಹೇಳ್ತೀನಿ.”

ಆ ಹೆಂಗಸರನ್ನು ಅಲ್ಲಿಯವರೆಗೆ ಯಾರು ನೋಡಿದ್ದರು? ಹೊಲದಲ್ಲಿ ಬಗ್ಗಿದರೆ ಬೆನ್ನು ಕಾಣಬೇಕು, ಮನೆಯಲ್ಲಿ ಒಲೆಯ ಹೊಗೆ ಕಾಣಬೇಕು. ಮೇಲಿಂದ ಒಬ್ಬರು ಬೇಕೆಂದೇ ತಮ್ಮನ್ನು ನೋಡಲು ಹೋಗುತ್ತಾರೆ ಎನ್ನುವುದು ಅವರಿಗೆ ಹಬ್ಬವಾಗಿಬಿಟ್ಟಿತು. ಟಿಕೆಟ್ ಮಾಡಿಸುವ ಕೆಲಸ ನನ್ನದು. ಕಿಟಕಿ ಸೀಟನ್ನೇ ಆರಿಸಿ, ಆಕೆಯ ಪಕ್ಕದಲ್ಲಿ ನನ್ನದನ್ನು ಹಾಕಿಸಿದೆ.

ಮಧ್ಯಾಹ್ನಕ್ಕೆ ಮುಂಚೆ ಹೊರಡಬೇಕಾದ ವಿಮಾನ. ಹೈದರಾಬಾದಿನ ನಿಲ್ದಾಣದಲ್ಲಿ ಫಲಕದ ಮೇಲೆ ‘ಸಮಯಕ್ಕೆ ಸರಿಯಾಗಿ’ ಎಂದೇ ಇತ್ತು, ಆದರೆ ವಿಮಾನ ಮಾತ್ರ ಬಂದಿರಲಿಲ್ಲ. ಕೌಂಟರಿನಲ್ಲಿ ಕೇಳಿದರೆ ಗೇಟಿನಲ್ಲಿ ಕೇಳಿ ಎಂದರು. ಗೇಟಿನಲ್ಲಿ ಕೇಳಿದರೆ ಕೌಂಟರಿನಲ್ಲಿ ಕೇಳಿ ಎಂದರು. ಮೂರನೆಯ ಸಲ ಹೋದಾಗ ಕೌಂಟರಿನ ಹುಡುಗ ‘ಈಗಷ್ಟೇ ಬರುತ್ತೇನೆ’ ಎಂಬ ಹಲಗೆಯನ್ನು ಇಟ್ಟು ಎದ್ದು ಹೋದವನು ತಿರುಗಿ ಬರಲೇ ಇಲ್ಲ. ನನ್ನ ಪಿತ್ತ ನೆತ್ತಿಗೇರಿತ್ತು. ಚಾಚಿ ಮಾತ್ರ ದೊಡ್ಡ ಗಾಜಿನ ಮುಂದೆ ಕೂತು ಕನಸಿನಲ್ಲಿದ್ದಳು. ಹೊರಗೆ ವಿಮಾನಗಳು ಕೆರೆದಂಡೆಯ ಎಮ್ಮೆಗಳ ಹಾಗೆ ಮೈಮರೆತು ನಿಂತಿದ್ದವು. “ಎಷ್ಟು ಸಾಧು ಅದಾವ ನೋಡು ಬೇಟಿ” ಎಂದಳು.

ಅಷ್ಟರಲ್ಲಿ ಊರಿನಿಂದ ಫೋನು. ಮೂಲೆಮನೆಯ ಅಜ್ಜಿ.

“ಹಾರಿತೇನವಾ?”

“ಇನ್ನೂ ಇಲ್ಲ ಅಜ್ಜಿ.”

“ಬಿಸಿಲು ಚುರ್ ಅನ್ನಾಕತ್ತದ. ಇಳೀಲೇನು, ಕೂಡ್ಲೇನು?”

ಆ ಮಾತು ಕಿವಿಗೆ ಬಿದ್ದದ್ದೇ ಚಾಚಿಯ ಕನಸು ಹರಿಯಿತು. ಎದ್ದು ನೆಟ್ಟಗೆ ಗೇಟಿನ ಅಧಿಕಾರಿಯ ಹತ್ತಿರ ಹೋದಳು. ತನ್ನ ದಖನಿ ಉರ್ದುವಿನಲ್ಲಿ, “ಹಮಾರೇ ಲೋಗಾಂ ಛತ್ ಪೋ ಬೈಠೇ ಹೈಂ ಬೇಟಾ” ಎಂದಳು. ನಮ್ಮ ಮಂದಿ ಮಾಳಿಗೆ ಮೇಲೆ ಕೂತಿದ್ದಾರೆ, ಇಷ್ಟೊತ್ತಿಗೆ ಬರುತ್ತೇವೆ ಅಂತಾದರೂ ಹೇಳಪ್ಪಾ ಎಂದು ಬೇಡಿಕೊಂಡಳು. ಆತ ಮೊಬೈಲಿನಿಂದ ತಲೆ ಎತ್ತದೆ, “ಕೂತ್ಕೊಳ್ಳಿ ಮೇಡಂ, ಅನೌನ್ಸ್ ಮಾಡ್ತಾರೆ” ಎಂದ. ಯಾರೂ ಅನೌನ್ಸ್ ಮಾಡಲಿಲ್ಲ. ನಾವು ಹತ್ತುವಾಗ ಬಿಸಿಲು ಇಳಿಮುಖವಾಗಿತ್ತು. ಮಾಳಿಗೆಯ ಮೇಲಿನವರು ಇಳಿದಿರಲಿಲ್ಲ, ಮಧ್ಯಾಹ್ನದ ಊಟವನ್ನೂ ಅಲ್ಲಿಗೇ ತರಿಸಿಕೊಂಡಿದ್ದರಂತೆ.

ಸೀಟಿನಲ್ಲಿ ಕೂತ ಚಾಚಿ ಎಡಕ್ಕೆ ತಿರುಗಿದಳು. ಮುಂದಕ್ಕೆ ಬಗ್ಗಿದಳು, ಹಿಂದಕ್ಕೆ ವಾಲಿದಳು.

“ಬೇಟಿ, ಇದಕ್ಕ ಕಿಡಕಿ ಎಲ್ಲ್ಯದ?”

ನೋಡಿದೆ. ಇರಲಿಲ್ಲ. ಮುಂದಿನ ಸಾಲಿಗೆ ಒಂದು ಕಿಟಕಿ, ಹಿಂದಿನ ಸಾಲಿಗೆ ಒಂದು ಕಿಟಕಿ, ನಮ್ಮ ಸಾಲಿಗೆ ಬಿಳಿಯ ಗೋಡೆ. ಗುಂಡಿ ಒತ್ತಿ ಒತ್ತಿ ಕರೆದ ಮೇಲೆ ಗಗನಸಖಿ ಬಂದಳು.

“ಇದು ಕಿಟಕಿ ಸೀಟೇ ಮೇಡಂ” ಎಂದಳು ಹಿಂದಿಯಲ್ಲಿ.

“ಹಾಗಾದರೆ ಕಿಟಕಿ ತೋರಿಸಿ.”

“ಕಿಟಕಿಯ ಕಡೆಗಿರುವ ಸೀಟು ಅಂತ ಅರ್ಥ.”

ಮುಂದೆ ಎರಡು ಸಾಲು ಖಾಲಿ ಇದ್ದವು. ಅಲ್ಲಿ ಕೂರುತ್ತೇವೆ ಎಂದೆ. “ಅವು ಖಾಲಿ ಇಡುವ ಸೀಟುಗಳು” ಎಂದಳು. ಜೋರು ಮಾಡಿದೆ. ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳಿ ಹೋದವಳು ಮತ್ತೆ ಗುಂಡಿಗೂ ಓಗೊಡಲಿಲ್ಲ. ಹಿಂದಿನ ಸಾಲಿನವನು ಕಿಟಕಿಯ ಪರದೆ ಎಳೆದು ಮಲಗಿದ್ದ. ಚಾಚಿ ಕುತ್ತಿಗೆ ತಿರುಗಿಸಿ, “ಬೇಟಾ, ಜರಾ ದೇಖನಾ ಥಾ”, ಸ್ವಲ್ಪ ನೋಡಬೇಕಿತ್ತಪ್ಪಾ, ಎಂದು ಎರಡು ಸಲ ಮೆಲ್ಲಗೆ ಕರೆದಳು. ಆತ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ಮಗ್ಗಲು ಬದಲಿಸಿದ.

ವಿಮಾನ ಏರಿತು. ನನಗೆ ಚಾಚಿಯ ಮುಖ ನೋಡುವ ಧೈರ್ಯವಿರಲಿಲ್ಲ. ಬಹಳ ಹೊತ್ತಿನ ಮೇಲೆ ಕಡೆಗಣ್ಣಿನಿಂದ ನೋಡಿದೆ. ಆಕೆ ಅಂಗೈಯನ್ನು ಆ ಬಿಳಿಯ ಗೋಡೆಗೆ ಹಚ್ಚಿ, ಕಣ್ಣು ಮುಚ್ಚಿ ಕೂತಿದ್ದಳು. ರೆಪ್ಪೆಯ ಬುಡದಲ್ಲಿ ಎಷ್ಟು ತೊಳೆದರೂ ಹೋಗದ ಒಂದಿಷ್ಟು ಕೆಂಪು ಇತ್ತು. ತುಟಿಗಳು ಅಲುಗುತ್ತಿದ್ದವು. ದುವಾ ಮಾಡುತ್ತಿದ್ದಾಳೆಂದುಕೊಂಡು ಕಿವಿ ಹತ್ತಿರ ಒಯ್ದೆ. ದುವಾ ಅಲ್ಲ. “ಮೂಲಿಮನಿ… ನಳದ ಮನಿ… ಬಳಿಗಾರ್ರ ಮನಿ… ಹುಣಸಿಗಿಡದ ಮನಿ…” ಓಣಿಯ ಮನೆಗಳನ್ನು ಸಾಲಾಗಿ ಒಂದೊಂದೇ ಹೇಳಿಕೊಳ್ಳುತ್ತಿದ್ದಳು. ಕೊನೆಯ ಮನೆ ಮುಟ್ಟಿ ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು. ವಿಮಾನದ ಗುಂಯ್ ಎನ್ನುವ ಸದ್ದು ಗಿರಣಿಯ ಸದ್ದಿನಂತೆಯೇ ಇತ್ತು. ಕೆಳಗೆ ಎಲ್ಲೋ ಕೃಷ್ಣೆ ಹೋಯಿತು, ದೇವದುರ್ಗ ಬಂತು, ಹೋಯಿತು. ನಮಗೆ ಗೊತ್ತಾಗಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದ ಕೂಡಲೇ ಕಂಪನಿಯವರ ಕೌಂಟರಿಗೆ ಹೋದೆ. ದೂರನ್ನು ವಿಮಾನ ಹತ್ತಿದ ಊರಿನಲ್ಲೇ ಕೊಡಬೇಕಿತ್ತು ಎಂದರು! ಅಲ್ಲೇ ಜಗಳ ತೆಗೆಯುವುದರಲ್ಲಿದ್ದೆ, ಊರಿನ ಫೋನು ಬಂತು. ಎಲ್ಲರೂ ಒಟ್ಟಿಗೇ ಕೂಗುತ್ತಿದ್ದರು. “ನಮ್ಮ ಮ್ಯಾಲೇ ಹೋತು ಚಾಚಿ! ಎಲ್ಲಾರೂ ಕೈ ಮಾಡಿದ್ವಿ! ಕಂಡ್ವೇನ?”

ಚಾಚಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

“ಕಂಡ್ರೆವಾ” ಎಂದಳು. “ಎಲ್ಲಾರೂ ಕಂಡ್ರಿ. ನಳದ ಮನೀದು ಹಾಸಿದ ಜಮಖಾನದಂಗ ಕಾಣ್ತು. ಬಳಿಗಾರ್ರ ಸೊಸಿ ಹಸಿರು ಸೀರಿ ಉಟ್ಟಿದ್ಲು, ಹೌದಿಲ್ಲೋ? ಮೂಲಿಮನಿ ಅಜ್ಜೀದು ಎಲ್ಲಾರಕಿಂತ ಕೆಂಪು. ನನ್ನ ಗಿರಣಿ ಮಾಳಿಗಿ ಒಂದೇ ಬೋಳು ಇತ್ತು ನೋಡ್ರಿ, ಅದರ ಮ್ಯಾಲಿಂದನ ಓಣಿ ಗುರುತು ಹಿಡಿದೆ!”

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಜ್ಜಿಯ ದನಿ, “ಭಾಳ ಚಲೋ ಆತು ತಗೋ.” ಹಿಂದೆಯೇ ಕೇಕೆ, ಚಪ್ಪಾಳೆ.

ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ತಡೆಯಲಾರದೆ ಅಂದೆ, “ಚಾಚಿ, ನೀ ಸುಳ್ಳು ಹೇಳಿದಿ.”

“ಹೌ, ಹೇಳೀನಿ” ಎಂದಳು. ಚಹಾ ಊದಿ ಊದಿ ಕುಡಿದಳು. “ಕಿಡಕಿ ಕೊಡದವರು ಅವರು ಬೇಟಿ. ಅವರ ತಪ್ಪಿಗೆ ನಮ್ಮ ಮಂದಿ ದಿನವೆಲ್ಲ ಬಿಸಿಲಾಗ ಸುಮ್ಮಸುಮ್ಮನ ಕುಂತಂಗ ಯಾಕ ಆಗಬೇಕು?”

ಹಾಗೆಂದು ಆಕೆ ಕಂಪನಿಯವರನ್ನು ಬಿಡಲಿಲ್ಲ. ಆಕೆಗೆ ಬೇಕಿದ್ದದ್ದು ಒಂದೇ, ಕಿಟಕಿ ಇರುವ ಸೀಟಿನಲ್ಲಿ ಇನ್ನೊಂದು ಸಲ ಕೂರಿಸಿ ಕರೆದೊಯ್ಯಬೇಕು. ಸುಳ್ಳನ್ನು ನಿಜ ಮಾಡಿಕೊಳ್ಳಬೇಕಿತ್ತು ಆಕೆಗೆ. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಒಳಗಿನ ಕೋಣೆಯಿಂದ ಫೋನು ಹಚ್ಚುತ್ತಿದ್ದಳು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಹೇಳಿ ಅದು ಸಂಗೀತ ಹಾಕುತ್ತಿತ್ತು. ಫೋನನ್ನು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟು, ಆ ಸಂಗೀತ ಕೇಳುತ್ತ ಗೋಡೆಗೆ ಒರಗಿ ಅರೆನಿದ್ದೆಗೆ ಜಾರುತ್ತಿದ್ದಳು. ಯಾರಾದರೂ ಎತ್ತಿಕೊಂಡರೆ ದಡಬಡಿಸಿ ಎದ್ದು, “ಬೇಟಾ, ಊಟ ಆತೇನ?” ಎಂದೇ ಶುರುಮಾಡುತ್ತಿದ್ದಳು. ಅವರು ಇನ್ನೊಂದು ವಿಭಾಗಕ್ಕೆ ಕೊಡುತ್ತಿದ್ದರು, ಆ ವಿಭಾಗ ಮತ್ತೆ ಸಂಗೀತ ಹಾಕುತ್ತಿತ್ತು. ಕೊನೆಗೊಮ್ಮೆ ನನ್ನ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ತೃಪ್ತಿಕರವಾಗಿ ಬಗೆಹರಿಸಲಾಗಿದೆ. ಓದಿ ಹೇಳಿದೆ. ಚಾಚಿ “ಯಾರಿಗೆ ತೃಪ್ತಿ ಆತಂತ, ಕೇಳು” ಎಂದಳು.

ಮುಂದೆ ಆ ವಿಮಾನವೇ ನಿಂತುಹೋಯಿತು. ಚಾಚಿ ಮಾತ್ರ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಖಾಲಿ ಆಕಾಶ ನೋಡುವುದನ್ನು ಬಿಡಲಿಲ್ಲ. ಹಿಟ್ಟಿಗೆ ಬಂದ ಹೆಂಗಸರು ಪಕ್ಕದಲ್ಲಿ ಕೂತು, “ಚಾಚಿ, ಅವತ್ತು ನಮ್ಮ ಮನಿ ಹೆಂಗ ಕಾಣ್ತು ಹೇಳು” ಎನ್ನುತ್ತಿದ್ದರು. ಆಕೆ ಪ್ರತಿಸಲ ಹೇಳುತ್ತಿದ್ದಳು, ಪ್ರತಿಸಲ ಒಂದಿಷ್ಟು ಹೊಸದು ಸೇರುತ್ತಿತ್ತು. ಕೇಳುತ್ತ ಕೇಳುತ್ತ ನನಗೂ ಎಷ್ಟೋ ಸಲ, ನಾನೂ ಅಲ್ಲಿಂದ ನೋಡಿದ್ದೆನೇನೋ ಅನಿಸುತ್ತಿತ್ತು.

ಹೋದ ಚಳಿಗಾಲದಲ್ಲಿ ಜ್ವರವೆಂದು ಮಲಗಿದ ಚಾಚಿ ಏಳಲಿಲ್ಲ. ನಾನು ರಾಯಚೂರಿನಿಂದ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರನೆಯ ದಿನದ ಜಿಯಾರತ್ ಪ್ರಾರ್ಥನೆಗೆ ಓಣಿಯ ಹೆಂಗಸರೆಲ್ಲ ಗಿರಣಿಯ ಮುಂದೆ ಸೇರಿದ್ದರು. ಮಾತು ಸುತ್ತಿ ಸುತ್ತಿ ವಿಮಾನಕ್ಕೇ ಬಂತು. ಯಾರಾದರೂ ನನ್ನನ್ನು ಕೇಳಿದರೆ, ಚಾಚಿ ಹೇಳಿದ್ದೆಲ್ಲ ನಿಜವೆಂದು ಹೇಳಿಬಿಡುವುದೆಂದು ನಾನು ಗಟ್ಟಿಮಾಡಿಕೊಂಡಿದ್ದೆ. ಮೂಲೆಮನೆಯ ಅಜ್ಜಿ ನನ್ನ ಕಡೆ ತಿರುಗಿದಳು.

“ನಿಮಗ ಅವತ್ತು ಏನೂ ಕಂಡಿಲ್ಲ, ಹೌದಿಲ್ಲವಾ?”

ಅಜ್ಜಿ ಗಿರಣಿಯ ಮಾಳಿಗೆಯ ಕಡೆ ಕೈ ತೋರಿಸಿದಳು.

“ಅವತ್ತು ಎಲ್ಲಾರಕಿಂತ ಮೊದಲು ನಾವು ಗಿರಣಿ ಮಾಳಿಗಿ ಹತ್ತಿದ್ವಿ. ಮನಿಗೊಂದು ಬುಟ್ಟಿ ಚಲೋ ಚಲೋ ಕಾಯಿ ಆರಿಸಿ ತಂದು, ನೆಲ ಕಾಣದಂಗ ಹರವಿದ್ವಿ. ಮ್ಯಾಲಿಂದ ಅಕಿಗೆ ತನ್ನ ಮನಿ ಮೊದಲು ಕಾಣ್ಲಿ ಅಂತ. ಅಕಿಗೆ ಹೇಳಿರಲಿಲ್ಲ. ಫೋನಿನಾಗ ಅಕಿ, ನನ್ನ ಮಾಳಿಗಿ ಒಂದೇ ಬೋಳು ಇತ್ತು ಅಂದ್ಲು.”

“ಅಷ್ಟು ವರ್ಷ ಯಾಕ ಕೇಳಲಿಲ್ಲ ಅಜ್ಜಿ?” ಎಂದೆ.

“ಏನಂತ ಕೇಳೋದು? ನಮ್ಮ ಸಲುವಾಗಿ ಅಕಿ ಜೀವನದಾಗ ಒಂದು ಸುಳ್ಳು ಹೇಳಿದ್ಲು” ಎಂದಳು ಅಜ್ಜಿ. ಸೆರಗಿನಿಂದ ಮೂಗು ಒರೆಸಿಕೊಂಡಳು. “ಕಾಯಿ ಹರವಿದ್ದು ಹೇಳಿದ್ರ, ಸುಳ್ಳು ನಮಗ ತಿಳದದ ಅಂತ ಅಕಿಗೆ ಗೊತ್ತಾಗತಿತ್ತು. ಅದಕ್ಕ ಅಕಿ ಬರೂದ್ರಾಗ ಕಾಯಿ ಎಲ್ಲಾ ಇಳಿಸಿದ್ವಿ, ಹೇಳಲೇ ಇಲ್ಲ.”