ಸೀಲ್ ಒಡೆಯುವ ಮೊದಲು

ಚನ್ನಗಿರಿಯಲ್ಲಿ ನಮ್ಮದೊಂದು ಕಾರಿನ ಬಿಡಿಭಾಗಗಳ ಅಂಗಡಿ ಇದೆ. ಮಾವ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ಗಲ್ಲಾದ ಮುಂದೆ ಅತ್ತೆ ಕೂರುತ್ತಾರೆ. ಗಂಡ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಹೊನ್ನಾಳಿ, ನ್ಯಾಮತಿ, ಜಗಳೂರಿನ ಗ್ಯಾರೇಜುಗಳನ್ನು ಸುತ್ತುತ್ತಾರೆ. ಕೌಂಟರ್ ನನ್ನದು.

ಸೀಲ್ ಒಡೆದ ಎಲೆಕ್ಟ್ರಿಕಲ್ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ಆದರೂ ಜನ ತರುತ್ತಾರೆ. ಸೆನ್ಸರ್ ಹಾಕಿಸಿದೆವು, ಲೈಟು ಹೋಗಲಿಲ್ಲ, ನಿಮ್ಮ ಮಾಲೇ ಸರಿಯಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಾರೆ. ಮಾಲು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಬೇರೆ ಯಾವುದೋ. ಆ ಜಗಳಗಳಿಂದ ಬೇಸತ್ತು ನಾನು ಹಟ ಮಾಡಿ ಒಂದು ಸ್ಕ್ಯಾನರ್ ಕೊಂಡೆ. ಸ್ಟೇರಿಂಗಿನ ಕೆಳಗಿರುವ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರ್ ಏನು ದೂರು ಹೇಳುತ್ತಿದೆ ಎಂದು ಒಂದು ಕೋಡ್ ಮೂಲಕ ತೋರಿಸುತ್ತದೆ. ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದ ನನಗೆ ಅದರ ಭಾಷೆ ಕಷ್ಟವಾಗಲಿಲ್ಲ. ಅತ್ತೆಗೆ ಮಾತ್ರ ಅದು ಗಿರಾಕಿಯನ್ನು ಓಡಿಸುವ ಯಂತ್ರದಂತೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ನ್ಯಾಮತಿಯ ಹೆಂಗಸೊಬ್ಬರು ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಮದುಮಗಳಿಗೆ ಅಲಂಕಾರ ಮಾಡುವುದು ಅವರ ಕೆಲಸ. ಹಿಂದಿನ ಸೀಟಿನ ತುಂಬ ಮೇಕಪ್ ಪೆಟ್ಟಿಗೆಗಳು, ಬಾಡಿಗೆ ಆಭರಣದ ಡಬ್ಬಿಗಳು. ಎಂಜಿನ್ ಲೈಟು ಹತ್ತಿಕೊಂಡಿತ್ತು. ನಿಂತಲ್ಲೇ ಕಾರು ನಡುಗುತ್ತಿತ್ತು.

"ಆಕ್ಸಿಜನ್ ಸೆನ್ಸರ್ ಕೊಡ್ರಿ ಅಕ್ಕ. ಗ್ಯಾರೇಜಿನೋರು ಕೋಡ್ ನೋಡಿ ಅದೇ ಹೋಗೈತೆ ಅಂದ್ರು. ನಾಳೆ ಬೆಳಿಗ್ಗೆ ಜಗಳೂರಲ್ಲಿ ಮದುವೆ ಐತೆ."

ಅತ್ತೆ ಆಗಲೇ ಸೆನ್ಸರಿನ ಡಬ್ಬಿ ಇಳಿಸಿ ಸೆರಗಿನಿಂದ ಧೂಳು ಒರೆಸುತ್ತಿದ್ದರು. ಅಂಗಡಿಯಲ್ಲಿದ್ದ ದುಬಾರಿ ಸಾಮಾನುಗಳಲ್ಲಿ ಅದೂ ಒಂದು.

"ಒಂದು ಸಲ ನಾನೂ ನೋಡ್ತೀನಿ ತಡೀರಿ," ಎಂದೆ.

"ಅವರೇ ಹೇಳ್ತಾ ಇದಾರಲ್ಲವ್ವ, ಕೊಟ್ಟು ಕಳಿಸಬಾರ್ದಾ?" ಎಂದರು ಅತ್ತೆ.

ನಾನು ಸ್ಕ್ಯಾನರ್ ಹಿಡಿದು ಕಾರಿಗೆ ಹೋಗಿ ಕೂತೆ. ಎಂಜಿನ್ನಿಗೆ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಎನ್ನುವ ಕೋಡ್ ಅದು. ಸೆನ್ಸರ್ ಕೆಟ್ಟಿದೆ ಎಂದು ಅದು ಎಲ್ಲೂ ಹೇಳಿರಲಿಲ್ಲ. ಆದರೂ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಆ ದೂರನ್ನು ಕಂಪ್ಯೂಟರಿಗೆ ಮುಟ್ಟಿಸಿದ ಸೆನ್ಸರನ್ನೇ ಮೊದಲು ಬಿಚ್ಚಿ ಎಸೆಯುವವರು ಬಹಳ ಜನ.

ಎಂಜಿನ್ ಬಿಸಿಯಾಗಿತ್ತು. ಸೆನ್ಸರಿನ ಅಂಕಿಗಳನ್ನು ಪರದೆಯ ಮೇಲೆ ತಂದು ಆಕ್ಸಿಲರೇಟರ್ ಥಟ್ಟನೆ ತುಳಿದೆ. ಅಂಕಿ ಮೇಲೆ ಹಾರಿತು, ಕಾಲು ತೆಗೆದೊಡನೆ ಕೆಳಗೆ ಬಿತ್ತು. ಕೆಟ್ಟ ಸೆನ್ಸರ್ ಅಷ್ಟು ಚುರುಕಾಗಿ ಇರುವುದಿಲ್ಲ. ಸುಮ್ಮನೆ ನಿಂತಾಗ ಹೆಚ್ಚಾದ ಗಾಳಿಯನ್ನು ಸರಿದೂಗಿಸಲು ಕಂಪ್ಯೂಟರ್ ಮಾಮೂಲಿಗಿಂತ ಬಹಳ ಪೆಟ್ರೋಲ್ ಕೊಡುತ್ತಿತ್ತು; ಎಂಜಿನ್ ವೇಗ ಏರಿಸಿ ಹಿಡಿದರೆ ಆ ಹೆಚ್ಚುವರಿ ಕಡಿಮೆಯಾಗುತ್ತಿತ್ತು. ಸೋರಿಕೆಯಿದ್ದರೆ ಹೀಗೇ, ವೇಗ ಏರಿದಷ್ಟೂ ಅದರ ಪಾಲು ಚಿಕ್ಕದಾಗುತ್ತದೆ. ಎಲ್ಲೋ ಒಂದು ಬಿರುಕಿನಿಂದ ಕಳ್ಳಗಾಳಿ ಒಳಗೆ ಹೋಗುತ್ತಿದೆ ಎಂದು ನನಗೆ ಖಾತ್ರಿಯಾಯಿತು.

"ನಿಮ್ಮ ಸೆನ್ಸರ್ ಚೆನ್ನಾಗೈತ್ರಿ. ಗಾಳಿ ಎಲ್ಲಿಂದ ನುಗ್ತೈತೆ ಅನ್ನೋದು ಹುಡುಕ್ಬೇಕು."

ಇಸ್ತ್ರಿಗೆ ಇಟ್ಟುಕೊಂಡಿದ್ದ ನೀರಿನ ಸ್ಪ್ರೇ ಬಾಟಲಿ ತಂದೆ. ಬಿರುಕಿನ ಮೇಲೆ ನೀರು ಬಿದ್ದರೆ ಗಳಿಗೆ ಹೊತ್ತು ಅದು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಬದಲಾಗಬೇಕು. ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಪೈಪಿನ ಮೇಲೆ ನನಗೆ ಅನುಮಾನವಿತ್ತು. ಅದರ ಮಡಿಕೆ ಮಡಿಕೆಗೂ ನೀರು ಹೊಡೆದೆ. ಸದ್ದು ಬದಲಾಗಲಿಲ್ಲ. ಕೈಗೆ ಸಿಗುವ ಜಾಯಿಂಟುಗಳಿಗೆಲ್ಲ ಹೊಡೆದೆ. ಏನೂ ಇಲ್ಲ.

ಆ ಹೆಂಗಸು ಗಡಿಯಾರ ನೋಡಿಕೊಂಡರು. "ಹೊತ್ತಾಗ್ತೈತೆ ಅಕ್ಕ. ಸೆನ್ಸರ್ ಕೊಟ್ಬಿಡ್ರಿ, ಹಾಕಿಸ್ಕೊಂಡು ಹೋಗ್ತೀನಿ."

ಗಲ್ಲಾದ ಕಡೆಯಿಂದ ಅತ್ತೆ ನನ್ನನ್ನೇ ನೋಡುತ್ತಿದ್ದರು. ಒಂದು ಕ್ಷಣ ನನಗೂ ಮುಜುಗರವಾಯಿತು. ಆದರೆ ಅಂಕಿಗಳನ್ನು ಕಣ್ಣಾರೆ ಕಂಡಿದ್ದೆ. ಅವು ತಪ್ಪಿರಲಿಲ್ಲ, ನಾನು ಹುಡುಕುತ್ತಿದ್ದ ಜಾಗ ತಪ್ಪಿತ್ತು.

"ಕಾರಲ್ಲಿ ಬೇರೆ ಏನಾದ್ರೂ ತೊಂದ್ರೆ ಐತೇನ್ರಿ? ಬ್ರೇಕ್ ಹೆಂಗೈತೆ?"

"ಬ್ರೇಕಾ? ಈಚೆಗೆ ಗಟ್ಟಿ ಆಗೈತೆ. ಜೋರಾಗಿ ತುಳೀಬೇಕು. ಪ್ಯಾಡ್ ಸವೆದಿರಬೇಕು, ಅದನ್ನೂ ಹಾಕಿಸ್ರಿ ಅಂದಿದ್ರು."

ನನಗೆ ಅಷ್ಟೇ ಬೇಕಿತ್ತು. ಬ್ರೇಕನ್ನು ಹಗುರವಾಗಿ ತುಳಿಯುವಂತೆ ಮಾಡುವುದು ಎಂಜಿನ್ ಗಾಳಿಯನ್ನು ಎಳೆದುಕೊಳ್ಳುವ ಶಕ್ತಿಯೇ. ಆ ಎಳೆತವನ್ನು ಬ್ರೇಕಿನವರೆಗೆ ಒಯ್ಯುವುದು ಒಂದು ರಬ್ಬರ್ ಹೋಸ್. ಪಕ್ಕಡಿನ ಬಾಯಿಗೆ ಬಟ್ಟೆ ಸುತ್ತಿ, ಆ ಹೋಸನ್ನು ಎಂಜಿನ್ನಿಗೆ ಸೇರುವ ಕಡೆ ಅದುಮಿ ಹಿಡಿದೆ. ಕಾರಿನ ನಡುಕ ನಿಂತಿತು. ಬಿಟ್ಟೆ, ಮತ್ತೆ ನಡುಗಿತು.

"ಕೇಳ್ತಾ ಐತೇನ್ರಿ?" ಎಂದು ಮತ್ತೊಮ್ಮೆ ಅದುಮಿ ತೋರಿಸಿದೆ.

ಎಂಜಿನ್ ಆಫ್ ಮಾಡಿಸಿ ಹೋಸ್ ಬಿಚ್ಚಿದಾಗ, ಬ್ರೇಕಿನ ಕಡೆಯ ಕ್ಲಿಪ್ಪಿನ ಹತ್ತಿರ, ಮೇಲಿನಿಂದ ಕಾಣದ ತಳಭಾಗದಲ್ಲಿ ಅದು ಸೀಳಿ ಬಾಯಿ ಬಿಟ್ಟಿತ್ತು. ಹೆಂಗಸು ಅದನ್ನು ಕೈಗೆ ತೆಗೆದುಕೊಂಡು ಬೆರಳು ತೂರಿಸಿ ನೋಡಿದರು.

"ಇಷ್ಟಕ್ಕೇನಾ?" ಎಂದರು. "ಇದೇ ಬ್ರೇಕ್ ನಂಬ್ಕೊಂಡು ನಸುಕಿನಾಗೆ ಜಗಳೂರಿಗೆ ಹೋಗಾಕೆ ಹೊಂಟಿದ್ದೆ," ಎಂದರು. ಅವರ ದನಿ ಇಳಿದಿತ್ತು.

ನಾನು ಒಳಗೆ ಹೋಗಿ ಅದೇ ಅಳತೆಯ ಪೆಟ್ರೋಲ್ ಪೈಪಿಗೆ ಕೈ ಹಾಕಿದೆ.

"ಅದಲ್ಲ," ಎಂದರು ಅತ್ತೆ, ಎದ್ದು ಬರುತ್ತಾ. "ಅದು ಎಳೆತಕ್ಕೆ ಚಪ್ಪಟೆ ಆಗ್ಬಿಡ್ತೈತೆ. ನಿಮ್ಮಾವ ಬ್ರೇಕಿಗೆ ಅಂತಾನೇ ಬೇರೆ ತರ್ಸೋರು." ಮೂಲೆಯ ಕಪಾಟಿನಿಂದ ಆ ಕಾರಿನದೇ ಹೋಸನ್ನು ನೇರವಾಗಿ ಎಳೆದು ಕೊಟ್ಟರು. ಸೆನ್ಸರಿನ ಡಬ್ಬಿಯನ್ನು ತಾವೇ ಮೇಲಿಟ್ಟರು. ಮುಖ ಸಪ್ಪಗೇ ಇತ್ತು.

ಹೋಸ್ ಹಾಕಿ, ಹೊಸ ಕ್ಲಿಪ್ ಬಿಗಿದು, ಕೋಡ್ ಅಳಿಸಿದೆ. ಅಳಿಸಿದೊಡನೆ ಲೈಟು ಹೋಗುವುದು ದೊಡ್ಡ ವಿಷಯವಲ್ಲ, ಓಡಿಸಿದ ಮೇಲೂ ಬರಬಾರದು. ಅಂಗಡಿಯ ಮುಂದೆಯೇ ಬ್ರೇಕ್ ತುಳಿಸಿ ನೋಡಿ, ಆಮೇಲೆ ನಲ್ಲೂರಿನ ರಸ್ತೆಯಲ್ಲಿ ಒಂದಷ್ಟು ದೂರ ಇಬ್ಬರೂ ಹೋಗಿ ಬಂದೆವು. ಕಂಪ್ಯೂಟರ್ ಕೊಡುತ್ತಿದ್ದ ಹೆಚ್ಚುವರಿ ಪೆಟ್ರೋಲ್ ಸರಿಯಾದ ಮಟ್ಟಕ್ಕೆ ಇಳಿದಿತ್ತು. ಬ್ರೇಕ್ ಮೆತ್ತಗಾಗಿತ್ತು.

"ಹೊಸ ಕ್ರೀಮು ತಂದ್ರೆ ಮದುಮಗಳ ಮುಖಕ್ಕೆ ಹಚ್ಚಾಕೆ ಮುಂಚೆ ಕೈ ಮೇಲೆ ಹಚ್ಚಿ ನೋಡೋಳು ನಾನು," ಎಂದು ಕಾರು ಓಡಿಸುತ್ತಲೇ ಅವರು ನಕ್ಕರು. "ಕಾರಿಗೆ ಮಾತ್ರ ಯಾರೋ ಅಂದ್ರು ಅಂತ ಬಂದ್ಬಿಟ್ಟೆ ನೋಡ್ರಿ."

ಮರುದಿನ ಆ ಹೆಂಗಸು ಜಗಳೂರಿನಿಂದ ಫೋನ್ ಮಾಡಿದರು. ವಾದ್ಯದ ಸದ್ದಿನಲ್ಲಿ ಅರ್ಧ ಮಾತು ಕೇಳಲಿಲ್ಲ. ಲೈಟು ಬಂದಿಲ್ಲ ಎನ್ನುವುದಷ್ಟು ಕೇಳಿಸಿತು.

"ಒಂದು ಹೋಸ್ ಮಾರಿ ಇಷ್ಟು ಖುಷಿಯೇನವ್ವ?" ಎಂದರು ಅತ್ತೆ.

"ವಾಪಸ್ ಬಂದು ಜಗಳ ಮಾಡಲ್ವಲ್ಲ ಅತ್ತೆ."

ಅದೇ ವಾರ ಹೊನ್ನಾಳಿಯಿಂದ ಒಬ್ಬರು ಅಂಥದೇ ಲೈಟು ಹತ್ತಿಸಿಕೊಂಡು ಬಂದಾಗ, ನಾನು ಬಾಯಿ ಬಿಡುವ ಮೊದಲೇ ಅತ್ತೆ, "ಕೂತ್ಕೊಳ್ರಿ, ನಮ್ಮ ಸೊಸೆ ಮೊದ್ಲು ನೋಡ್ತಾಳೆ," ಎಂದರು. ನೋಡಿದೆ. ವೈರು, ಪೈಪು ಎಲ್ಲ ಸರಿಯಿದ್ದವು. ಆಕ್ಸಿಲರೇಟರ್ ಎಷ್ಟು ತುಳಿದರೂ ಸೆನ್ಸರಿನ ಅಂಕಿ ಮಾತ್ರ ಇದ್ದಲ್ಲೇ ಇತ್ತು. ಅವರ ಸೆನ್ಸರ್ ನಿಜವಾಗಿಯೂ ಸತ್ತಿತ್ತು. ಹಾಗೆಂದು ಧೈರ್ಯವಾಗಿ ಹೇಳಿದೆ. ಅತ್ತೆ ಉತ್ಸಾಹದಿಂದ ಬಿಲ್ ಬರೆದರು.