ಎಮ್ಮೆಗೆ ಕುದಿಸಿದ ನೀರು

ಹೋದ ವಾರ ನಮ್ಮ ಚಿಗವ್ವ ನನಗೊಂದು ಕ್ಯಾನ್ ಆ್ಯಸಿಡ್ ಕೊಟ್ಟು ಕಳಿಸಿದಳು. (ಪ್ರೀತಿಯಿಂದಲೇ, ಗಾಬರಿ ಬೇಡ.)

ಅವಳ ಊರು ಸುರಪುರದಾಚೆ, ಗುಡ್ಡದ ಬುಡದಲ್ಲಿ. ನಿಜಾಮರ ಕಾಲದಲ್ಲಿ ಯಾರೋ ಬಂಗಾರಕ್ಕೆಂದು ಅಗೆದು, ಸಿಗದೆ ಬಿಟ್ಟುಹೋದ ಗಣಿ ಅಲ್ಲಿದೆ. ಅದರ ಬಾಯಿಂದ ಇಟ್ಟಿಗೆ ಬಣ್ಣದ ನೀರು ಜಿನುಗುತ್ತದೆ; ಕ್ಯಾನಿನಲ್ಲಿದ್ದದ್ದು ಅದೇ. ಅದರಲ್ಲಿ ತೊಳೆದರೆ ಹಿತ್ತಾಳೆ ಕೊಡ, ಹುಣಸೆಹಣ್ಣಿನ ಹಂಗಿಲ್ಲದೆ, ಫಳಫಳ. ಶಹಾಪುರದ ನಮ್ಮ ಮನೆಯಲ್ಲಿ ಅಂಥ ಹೊಳಪನ್ನು ಮದುವೆಯ ದಿನದ ನಂತರ ನಾನು ಕಂಡಿರಲಿಲ್ಲ.

ಪಕ್ಕದ ಮನೆಯ ಸೈನ್ಸ್ ಮಾಸ್ತರರು ಸುಮ್ಮನಿರಬೇಕಲ್ಲ? ನೀಲಿ ಲಿಟ್ಮಸ್ ಕಾಗದ ಅದ್ದಿದರು. ಕೆಂಪಾಯಿತು.

"ಆ್ಯಸಿಡ್ ಅದರಿ ಇದು."

"ಯಾರು ಹಾಕ್ಯಾರ್ರಿ?"

"ಯಾರೂ ಹಾಕಿಲ್ರಿ. ಬ್ಯಾಕ್ಟೀರಿಯಾ ಕೆಲಸ."

ಗಣಿಯ ಕಲ್ಲಿನಲ್ಲಿ ಕಬ್ಬಿಣ, ಗಂಧಕ ಇರುತ್ತವಂತೆ. ನೆಲದೊಳಗೆ ತೆಪ್ಪಗಿರುತ್ತವೆ. ಅಗೆದು ಗಾಳಿ, ನೀರು ತಾಗಿಸಿದರೆ ಆ್ಯಸಿಡ್ ಹುಟ್ಟುತ್ತದೆ, ಆದರೆ ಸರ್ಕಾರಿ ಫೈಲಿನ ವೇಗದಲ್ಲಿ. ಆಗ ಈ ಬ್ಯಾಕ್ಟೀರಿಯಾ ಬರುತ್ತವೆ. ಆ ಕಬ್ಬಿಣದ ಮೇಲೆಯೇ ಬದುಕಿ ಕೆಲಸವನ್ನು ಎಷ್ಟೋ ಪಟ್ಟು ಚುರುಕು ಮಾಡುತ್ತವೆ. ರಜೆ ಇಲ್ಲ, ಸಂಬಳ ಇಲ್ಲ, ಮುಷ್ಕರವೂ ಇಲ್ಲ.

ಚಿಗವ್ವನಿಗೆ ಫೋನ್ ಮಾಡಿದೆ. "ಚಿಗವ್ವ, ಆ ನೀರಾಗ ಬ್ಯಾಕ್ಟೀರಿಯಾ ಅದಾವ."

"ಅಷ್ಟೇನು? ಕುದಿಸಿದ್ರಾತು ಬಿಡು. ಬೋರಿನ ಮೋಟಾರ್ ಸುಟ್ಟದ, ಗಬ್ಬದ ಎಮ್ಮಿ ನೀರಿಲ್ದ ಒದರಾಕತ್ತದ. ಅದಕ್ಕ ಇದನ್ನ ಕುಡಸ್ತೀನಿ."

ಫೋನ್ ಕಟ್. ಆ್ಯಸಿಡ್ ಎಂಬ ಮುಖ್ಯ ಮಾತು ನನ್ನ ಬಾಯಲ್ಲೇ ಉಳಿಯಿತು. ಮತ್ತೆ ಮಾಡಿದರೆ ಸ್ವಿಚ್ಡ್ ಆಫ್.

ಸಿಕ್ಕ ಬಸ್ ಹತ್ತಿದೆ. ನಿಜಕ್ಕೂ ಹೆದರಿದ್ದೆ. ಆ ಎಮ್ಮೆಯ ಹಾಲಿನ ಮೇಲೆಯೇ ಚಿಗವ್ವನ ಸಂಸಾರ ನಿಂತಿದೆ.

ಹೋಗಿ ನೋಡಿದರೆ, ಅಂಗಳದಲ್ಲಿ ಹಂಡೆ ಕುದಿಯುತ್ತಿದೆ. ಬಕೆಟ್ಟಿಗೆ ಬಗ್ಗಿಸಿದ ಕೆಂಪು ನೀರು ಆರಲೆಂದು ಚಿಗವ್ವ ಬೀಸಣಿಗೆ ಬೀಸುತ್ತಿದ್ದಾಳೆ. ಎಮ್ಮೆ ಹಗ್ಗ ಜಗ್ಗುತ್ತಿದೆ. ಓಡಿಹೋಗಿ ಬಕೆಟ್ ಒದ್ದೆ. (ಕಾಲು ಇನ್ನೂ ನೋಯುತ್ತಿದೆ.)

"ಹುಚ್ಚ ಹಿಡದದೇನೋ? ಹುಳ ಎಲ್ಲಾ ಸತ್ತಾವ."

"ಹುಳ ಸತ್ತಾವ ಚಿಗವ್ವ, ಅವು ಮಾಡಿದ ಆ್ಯಸಿಡ್ ಸಾಯಂಗಿಲ್ಲ. ಕುದ್ದಷ್ಟೂ ಗಟ್ಟಿ ಆಗ್ತದ."

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕುದಿಸಿ ಕುಡಿಯಿರಿ ಎಂದು ಊರೂರಿನ ಗೋಡೆಗೆ ಬರೆದವರು ಓದಿದ ನಾವೇ ಅಲ್ಲವೇ? ಫೋನಿನಲ್ಲಿ ಮುಖ್ಯ ಮಾತು ಬಿಟ್ಟು ಬ್ಯಾಕ್ಟೀರಿಯಾದಿಂದ ಶುರು ಮಾಡಿದವನು ನಾನೇ ಅಲ್ಲವೇ?

ದೂರದ ಪಕ್ಕದ ಹೊಲದವರ ಬಾವಿಯಿಂದ ಇಬ್ಬರೂ ನೀರು ಹೊತ್ತು ತಂದೆವು. ಎಮ್ಮೆ ಎರಡು ಬಕೆಟ್ ಒಂದೇ ಉಸಿರಿಗೆ ಹೀರಿತು. ಚಿಗವ್ವ ಗುಡ್ಡದ ಕಡೆ ನೋಡುತ್ತ ಕೇಳಿದಳು:

"ಹುಳದ್ದೇನು ತಪ್ಪೋ, ಸಿಕ್ಕಿದ್ದು ತಿಂತಾವ. ಗುಂಡಿ ತೋಡಿ ಹಂಗೇ ಬಿಟ್ಟು ಹೋದೋರನ್ನ ಯಾವ ಹಂಡೆದಾಗ ಕುದಸಬೇಕು?"