ಊರೆಲ್ಲ ತಿಂದು ಕಟ್ಟಿಸಿದ ಬುತ್ತಿ

ಶಿಕಾರಿಪುರದ ಯಾವ ಹೋಟೆಲಿನಲ್ಲಿ ಏನನ್ನು ಕಟ್ಟಿಸಿಕೊಂಡು ಒಯ್ಯಬೇಕು, ಯಾವುದನ್ನು ಅಲ್ಲೇ ಕೂತು ತಿಂದು ಕೈ ತೊಳೆಯಬೇಕು, ಯಾವ ಹೋಟೆಲಿನ ಮುಂದೆ ಮುಖ ತಿರುಗಿಸಿಕೊಂಡು ಹೋಗಬೇಕು ಎಂಬುದು ಐವತ್ತರ ದಶಕದ ಕೊನೆಯಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಆ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ನಾನು ಆಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ, ಬೆಳಗಿನಿಂದ ರಾತ್ರಿಯವರೆಗೆ ಹೋಟೆಲಿನ ಊಟ. ಹೊಟ್ಟೆ ಹೇಗೋ ತುಂಬುತ್ತಿತ್ತು. ಆದರೆ ನನ್ನ ನಾಲಿಗೆ ಅವ್ವನ ಕೈಯಲ್ಲಿ ಪಳಗಿದ್ದು, ಅದಕ್ಕೆ ಸುಲಭವಾಗಿ ಸಮಾಧಾನವಾಗುತ್ತಿರಲಿಲ್ಲ.

ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಬಳ್ಳಿಗಾವಿಯ ಹತ್ತಿರದ ನಮ್ಮ ಊರಿನಲ್ಲಿ ಅಪ್ಪ ಒಬ್ಬರೇ ಇದ್ದು, ಗದ್ದೆ, ಎಮ್ಮೆ ನೋಡಿಕೊಂಡು, ತಮಗೆ ತಿಳಿದ ಹಾಗೆ ಬೇಯಿಸಿಕೊಂಡು ಉಣ್ಣುತ್ತಿದ್ದರು. ನನ್ನ ತಂಗಿಯನ್ನು ಸೊರಬದ ಕಡೆ ಜಡೆ ಎಂಬ ಊರಿಗೆ ಕೊಟ್ಟಿದ್ದೆವು. ಆ ವರ್ಷ ಅವಳು ಚೊಚ್ಚಲ ಬಸುರಿ. ತವರಿನಲ್ಲಿ ನೋಡಿಕೊಳ್ಳಲು ಹೆಂಗಸರಿಲ್ಲದ್ದರಿಂದ ಹೆರಿಗೆ, ಬಾಣಂತನ ಎರಡನ್ನೂ ತಾವೇ ಮಾಡುವುದಾಗಿ ಅವಳ ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ತವರಿನವರಾಗಿ ನಾವು ಮಾಡಬೇಕಾಗಿದ್ದದ್ದು ಒಂದೇ, ಏಳನೇ ತಿಂಗಳಲ್ಲಿ ಬುತ್ತಿ ಒಯ್ಯುವುದು.

ಬುತ್ತಿ ಎಂದರೆ ದಾರಿಗೆ ಕಟ್ಟಿಕೊಂಡು ಹೋಗುವ ಊಟವಷ್ಟೇ ಅಲ್ಲ. ಬಸುರಿ ಮಗಳಿಗೆ ತಾಯಿ ತನ್ನ ಒಲೆಯ ಮೇಲೆ ರೊಟ್ಟಿ, ಪಲ್ಯ, ಹೋಳಿಗೆ, ಬಗೆಬಗೆಯ ಅನ್ನ ಎಲ್ಲವನ್ನೂ ಮಾಡಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮಗಳ ಮನೆಗೆ ತರಬೇಕು. ಮಗಳು ಮೊದಲು ತಿಂದ ಮೇಲೆ ಅದನ್ನು ಓಣಿಯ ಮನೆಮನೆಗೂ ಹಂಚುತ್ತಾರೆ. ಓಣಿಯ ಹೆಂಗಸರು ಅದನ್ನು ತಿಂದು, ಈ ಹುಡುಗಿಗೆ ಎಂಥ ತವರಿದೆ ಎಂದು ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಆ ತೀರ್ಮಾನ ಆ ಹುಡುಗಿ ಮುದುಕಿಯಾಗುವವರೆಗೂ ಬದಲಾಗುವುದಿಲ್ಲ. ತಂಗಿ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ್ದು ಒಂದೇ ಮಾತು: ಅವ್ವ ಕಟ್ಟುತ್ತಿದ್ದಂಥ ಬುತ್ತಿ ತಿನ್ನಬೇಕು ಅನ್ನಿಸುತ್ತಿದೆ.

ಅಪ್ಪನ ತಂಗಿಯೊಬ್ಬಳಿದ್ದಳು, ನಮ್ಮ ಸೋದರತ್ತೆ. ಕೇಳಿದ್ದರೆ ಮಾಡಿಕೊಡುತ್ತಿದ್ದಳು, ಇಲ್ಲವೆಂದಲ್ಲ. ಆದರೆ ‘ತಾಯಿಲ್ಲದ ಹುಡುಗಿಗೆ ನಾನೇ ಬುತ್ತಿ ಕಟ್ಟಿದೆ’ ಎಂದು ಮುಂದೆ ಸಿಕ್ಕ ಮದುವೆಮನೆಗಳಲ್ಲೆಲ್ಲ ಹಾಡಿಕೊಂಡು ಬರುತ್ತಿದ್ದಳು. ಅವಳ ಸ್ವಭಾವ ನನಗೆ ಗೊತ್ತಿತ್ತು, ನನ್ನ ಸ್ವಭಾವ ಅವಳಿಗೂ ಗೊತ್ತಿತ್ತು. ಯಾರ ಹಂಗೂ ಬೇಡ, ಶಿಕಾರಿಪುರದಲ್ಲೇ ಹುಡುಕಿ ಕಟ್ಟಿಸಿಕೊಂಡು ಒಯ್ಯುತ್ತೇನೆ ಎಂದು ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ.

ಅಪ್ಪ ಎಮ್ಮೆ ಕರೆಯುತ್ತಿದ್ದವರು ತಂಬಿಗೆ ಕೆಳಗಿಟ್ಟರು. “ಹೋಟ್ಲಿಂದು ತಗಂಡ್ ಹೋದ್ರೆ ಬೀಗರು ನಗ್ತಾರೆ. ಆಮೇಲೆ ಹುಡುಗಿ ಆ ಮನಿಯಾಗೆ ತಲಿ ಎತ್ತಂಗಿಲ್ಲ.”

“ಹೋಟ್ಲಿಂದು ಅಂತ ಯಾರಿಗೆ ಗೊತ್ತಾಗ್ತೈತಿ? ಅವ್ವ ಮಾಡಿದಂಗೇ ಇರೋದನ್ನ ಹುಡುಕ್ತೀನಿ” ಎಂದೆ.

ಅಪ್ಪನ ಭಯ ಸುಳ್ಳಲ್ಲ. ಮನೆಮಠ ಇಲ್ಲದವರು ಹೋಟೆಲಿನಲ್ಲಿ ಉಣ್ಣುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದ ಕಾಲ ಅದು. ಕೋರ್ಟು ಕೆಲಸಕ್ಕೆ ಬಂದ ರೈತರು ಹೋಟೆಲಿನಲ್ಲಿ ತಿಂಡಿ ತಿಂದರೂ ಊರಿಗೆ ಹೋಗಿ ಹೇಳುತ್ತಿರಲಿಲ್ಲ. ಅಂಥದ್ದನ್ನು ಬಸುರಿಗೆ ಬುತ್ತಿಯಾಗಿ ಒಯ್ಯುವುದೆಂದರೆ ಸಣ್ಣ ಮಾತಾಗಿರಲಿಲ್ಲ.

ಮರುದಿನದಿಂದಲೇ ನಾನು ಹುಡುಕಲು ಹೊರಟೆ. ಬಿಸಿಯಲ್ಲಿ ತಿಂದು ಭೇಷ್ ಅನ್ನುವುದು ಯಾರಿಗಾದರೂ ಬರುತ್ತದೆ, ಬಿಸಿ ಎಲ್ಲ ತಪ್ಪನ್ನೂ ಮುಚ್ಚಿಹಾಕುತ್ತದೆ. ಕಟ್ಟಿಸಿಕೊಂಡ ಊಟ ಆರಿದ ಮೇಲೆ ಹೇಗಿದೆ ಎಂದು ನೋಡಬೇಕು. ಅದಕ್ಕೇ ನಾನು ಬೆಳಿಗ್ಗೆ ಮುತ್ತುಗದೆಲೆಯಲ್ಲಿ ಕಟ್ಟಿಸಿಕೊಂಡದ್ದನ್ನು ಕಚೇರಿಯ ಮೇಜಿನ ಖಾನೆಯಲ್ಲಿಟ್ಟು ಮಧ್ಯಾಹ್ನ ಕಳೆದ ಮೇಲೆ ಬಿಚ್ಚುತ್ತಿದ್ದೆ. ಪಹಣಿ ಕೇಳಿಕೊಂಡು ಬಂದ ರೈತರು ಮೂಗರಳಿಸಿ ನನ್ನ ಮೇಜನ್ನೇ ನೋಡುತ್ತಿದ್ದರು. “ಏನ್ರೀ, ಕಚೇರಿ ಮಾಡ್ತೀರೋ ಖಾನಾವಳಿ ಮಾಡ್ತೀರೋ?” ಎಂದು ಶಿರಸ್ತೇದಾರರು ಒಂದು ದಿನ ಗದರಿದರು. ಅವರಿಗೂ ಒಂದು ತುತ್ತು ಕೊಟ್ಟೆ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಕರಾವಳಿ ಕಡೆಯವರು ನಡೆಸುತ್ತಿದ್ದ ದೊಡ್ಡ ಹೋಟೆಲು ಹೆಸರುವಾಸಿ. ಅಲ್ಲಿ ಎಲ್ಲ ಅಚ್ಚುಕಟ್ಟು, ಆದರೆ ಪಲ್ಯಕ್ಕೂ ಬೆಲ್ಲ, ಸಾರಿಗೂ ಬೆಲ್ಲ. ಅವ್ವ ನೋಡಿದ್ದರೆ ಇವರಿಗೆ ಖಾರ ಕಂಡರೆ ಭಯವೇ ಅಂತ ಕೇಳುತ್ತಿದ್ದಳು. ಬಸ್ ಸ್ಟ್ಯಾಂಡಿನ ಎದುರಿನ ತಗಡಿನ ಮಾಡಿನ ಹೋಟೆಲನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆದರೆ ಅಲ್ಲಿನ ಚಿತ್ರಾನ್ನ ಸಂಜೆಯವರೆಗೂ ಉದುರುದುರಾಗಿತ್ತು, ಒಗ್ಗರಣೆಯ ಶೇಂಗಾ ಮೆತ್ತಗಾಗಿರಲಿಲ್ಲ, ನಿಂಬೆಹುಳಿ ಕಹಿಗೆ ತಿರುಗಿರಲಿಲ್ಲ. ಅವ್ವನದೇ ಅದು. ಶೇಂಗಾ ಹೋಳಿಗೆಗೆ ಪೇಟೆಯಲ್ಲೆಲ್ಲ ಸುತ್ತಿ, ಕೊನೆಗೆ ಕೆರೆಯ ದಿಕ್ಕಿನ ಬೀದಿಯಲ್ಲಿದ್ದ ಮುದುಕ ಅಡಿಗೆಯವರೊಬ್ಬರ ಮನೆಗೆ ಹೋದೆ. ಮದುವೆ ಅಡಿಗೆ ಬಿಟ್ಟು ಮನೆಯಲ್ಲೇ ಹೋಳಿಗೆ ಬೇಯಿಸಿ ಮಾರುತ್ತಿದ್ದ ಅವರು, ಅವ್ವನ ಹಾಗೆಯೇ ಏಲಕ್ಕಿ ಹಾಕದೆ ಬರೀ ಎಳ್ಳಿನ ಘಮದಲ್ಲಿ ಹೂರಣ ಮಾಡುತ್ತಿದ್ದರು.

ಉಳಿದದ್ದು ರೊಟ್ಟಿ ಮತ್ತು ಎಣ್ಣೆಗಾಯಿ ಬದನೆಕಾಯಿ. ರಾಜ್ಯ ಒಂದಾದ ಮೇಲೆ ಹಾವೇರಿ ಕಡೆಯಿಂದ ಬಂದ ಹೆಂಗಸೊಬ್ಬರು ಸಂತೆ ಮೈದಾನದ ಪಕ್ಕ ಖಾನಾವಳಿ ಇಟ್ಟಿದ್ದರು. ರೊಟ್ಟಿ ನೋಡಿದ ಕೂಡಲೇ ಇದೇ ಅಂತ ಗೊತ್ತಾಯಿತು. ಮರುದಿನವೂ ಮುರಿಯದೆ ಮಡಿಚಬಹುದಾದ ರೊಟ್ಟಿ ಅದು. ಬದನೆಕಾಯಿಯಲ್ಲಿ ಮಾತ್ರ ಎಳ್ಳು ಹೆಚ್ಚಾಗಿತ್ತು. ಹೇಳಿದೆ. ಅವರಿಗೆ ಸಿಟ್ಟು ಬಂತು.

“ಎಳ್ಳು ಇಷ್ಟ ಹಾಕಬೇಕ್ರಿ. ಇದು ನಮ್ಮ ಕಡೀ ಪದ್ಧತಿ.”

“ನನಗೆ ನಿಮ್ಮ ಕಡೀದು ಬ್ಯಾಡ್ರಿ. ಗುರೆಳ್ಳು ಹೆಚ್ಚು ಮಾಡಿ, ಎಳ್ಳು ಕಡಿಮಿ ಮಾಡಿ.”

“ಇಷ್ಟೆಲ್ಲಾ ಗೊತ್ತಿದ್ರ ನಿಮ್ಮವ್ವನ ಕೈಲೆ ಮಾಡಿಸ್ಕೋರಿ. ಇಲ್ಲಿಗ್ಯಾಕ ಬಂದ್ರಿ?”

“ಅವ್ವ ಇದ್ದಿದ್ರೆ ನಾನ್ಯಾಕೆ ಬರ್ತಿದ್ದೆ?” ಎಂದೆ. ನನ್ನ ಧ್ವನಿ ಏರಿಯೇ ಇತ್ತು. ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವರು ಸೌಟು ಕೆಳಗಿಟ್ಟು, “ಯಾರಿಗ್ರಿ ಇದು?” ಎಂದು ಕೇಳಿದರು. ಬಸುರಿ ತಂಗಿಯ ಬುತ್ತಿಗೆ ಎಂದೆ. ಮರುದಿನ ಬೇರೆ ಬದನೆಕಾಯಿ ಮಾಡಿ ರುಚಿ ನೋಡಲು ಕೊಟ್ಟರು. ಅದಕ್ಕೂ ಮರುದಿನ ಇನ್ನೊಂದು ಸಲ ಮಾಡಿದರು. ಆ ಸಲ ನಾನು ತಕರಾರು ಮಾಡಲಿಲ್ಲ, ತಲೆ ತಗ್ಗಿಸಿಕೊಂಡು ಎಲೆ ಖಾಲಿ ಮಾಡಿದೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಅವರು ಅಂದುಕೊಂಡಿರಬೇಕು.

ಬುತ್ತಿಯ ದಿನ ಬೆಳಿಗ್ಗೆ ಮೂರೂ ಕಡೆ ಹೋಗಿ ಎಲ್ಲವನ್ನೂ ತಂದೆ. ಎಲೆ, ಬಾಳೆನಾರು, ಕಾಗದ ಒಂದು ಚೂರೂ ಉಳಿಯದ ಹಾಗೆ ಬಿಚ್ಚಿ, ಅಪ್ಪ ಕೊಟ್ಟುಕಳಿಸಿದ್ದ ಅವ್ವನ ಹಿತ್ತಾಳೆ ಡಬ್ಬಿಗಳಿಗೆ ತುಂಬಿದೆ. ಖಾನಾವಳಿಯ ಅನ್ನಕ್ಕೆ ಅಪ್ಪ ಕಳಿಸಿದ್ದ ನಮ್ಮ ಎಮ್ಮೆಯ ಮೊಸರು ಹಾಕಿ ಮೊಸರನ್ನವನ್ನು ನಾನೇ ಕಲಸಿದೆ. ಒಗೆದ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ನೋಡಿದರೆ ನನಗೇ ಹೆಮ್ಮೆಯಾಯಿತು. ಸೊರಬದಲ್ಲಿ ಬಸ್ಸು ಬದಲಾಯಿಸುವಾಗ ಒಬ್ಬ ಅಜ್ಜಿ ಗಂಟಿನ ಹತ್ತಿರ ಮುಖ ತಂದು, “ಬುತ್ತಿ ಅಲ್ದಾ? ಪುಣ್ಯವಂತೆ ಹುಡುಗಿ” ಎಂದಳು. ಅಲ್ಲಿಂದ ಜಡೆಯವರೆಗೆ ನಾನು ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ತಂಗಿಯ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಹಸಿರು ಸೀರೆಯುಟ್ಟ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಎಲೆಯ ಮೇಲೆ ಎಲ್ಲವನ್ನೂ ಬಡಿಸಿದರು. ಅವಳು ಚಿತ್ರಾನ್ನ ತಿಂದಳು, ರೊಟ್ಟಿ ಮುರಿದು ಬದನೆಕಾಯಿಗೆ ಅದ್ದಿ ಬಾಯಿಗಿಟ್ಟಳು, ಕಣ್ಣು ಮುಚ್ಚಿದಳು. ಓಣಿಗೆ ಹಂಚುವ ಮೊದಲು ಅವಳ ಅತ್ತೆ ಒಂದೊಂದನ್ನೂ ಚೂರು ಚೂರು ರುಚಿ ನೋಡಿದರು. ಎತ್ತರದ ಹೆಂಗಸು, ಮಾತು ಕಡಿಮೆ. ರೊಟ್ಟಿ ತಿಂದರು, ಚಿತ್ರಾನ್ನ ತಿಂದರು, ಮತ್ತೆ ರೊಟ್ಟಿ ತಿಂದರು.

“ತಮ್ಮಾ, ಇದು ಒಂದೇ ಒಲೆ ಮೇಲೆ ಬೆಂದಿದ್ದಲ್ಲ” ಎಂದರು. “ರೊಟ್ಟಿ ಪಲ್ಯ ಒಬ್ರುದು, ಚಿತ್ರಾನ್ನ ಇನ್ನೊಬ್ರುದು, ಹೋಳ್ಗೆ ಮತ್ತೊಬ್ರುದು. ಒಂದು ಮನೆ ಬುತ್ತೀಲಿ ಉಪ್ಪು ಹಾಕೋ ಕೈ ಒಂದೇ ಇರ್ತದೆ.”

ಒಂದೊಂದನ್ನೂ ದಿನಗಟ್ಟಲೆ ಪರೀಕ್ಷೆ ಮಾಡಿದ್ದೆ, ನಿಜ. ಆದರೆ ಎಲ್ಲವನ್ನೂ ಒಂದೇ ಎಲೆಯ ಮೇಲೆ ಇಟ್ಟುಕೊಂಡು ತಿಂದು ನೋಡಿರಲೇ ಇಲ್ಲ. ಸೋದರತ್ತೆಯ ಹೆಸರು ಹೇಳಿಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ತಂಗಿ ಮಾತಾಡಿದಳು.

“ನಮ್ಮನ್ಯಾಗೆ ಒಲಿ ಹಚ್ಚೋರು ಯಾರದಾರೆ ಅತ್ತೀ? ಅಣ್ಣ ಉಣ್ಣೋದೇ ಹೋಟ್ಲಾಗೆ, ಹೋಟ್ಲು ಹೋಟ್ಲು ತಿರುಗಿ ತಂದಾನೆ. ಆದ್ರೆ ತಿಂದ್ರೆ ಒಂದೊಂದೂ ನಮ್ಮವ್ವಂದೇ.”

“ಹೋಟ್ಲಿಂದಾ?” ಎಂದು ಯಾರೋ ಕೇಳಿದರು. ಮುಂದೆ ಕೂತಿದ್ದ ಒಬ್ಬಾಕೆ ಎಲೆಯ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತಂಗಿ ತಲೆ ತಗ್ಗಿಸಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಹೌದ್ರಿ, ಹೋಟ್ಲಿಂದೇ” ಎಂದೆ. “ಶಿಕಾರಿಪುರದಾಗೆ ನಾನು ತಿಂದು ನೋಡದ ಹೋಟ್ಲು ಇಲ್ಲ. ಸೇರದ್ದನ್ನ ಬಿಟ್ಟೀನಿ, ಜಗಳ ಆಡಿ ಸರಿ ಮಾಡಿಸೀನಿ. ನನ್ನ ತಂಗಿಗೆ ಸಿಕ್ಕಿದ್ದನ್ನ ತಂದಿಲ್ಲ, ಹುಡುಕಿ ತಂದೀನಿ. ನಿಮ್ಮೊಳಗೆ ಯಾರ ತವರಿನೋರು ಇಷ್ಟು ಮಾಡ್ಯಾರೆ, ಹೇಳ್ರಿ.”

ಬೀಗರ ಪಡಸಾಲೆಯಲ್ಲಿ, ಹೆಂಗಸರ ನಡುವೆ ನಿಂತು ಗಂಡಸು ಆಡುವ ಮಾತಲ್ಲ ಅದು. ಆಡಿದ್ದಕ್ಕೆ ನನಗೆ ಅವತ್ತೂ ನಾಚಿಕೆಯಾಗಲಿಲ್ಲ, ಇವತ್ತೂ ಆಗುವುದಿಲ್ಲ. ಎಲ್ಲರೂ ತಂಗಿಯ ಅತ್ತೆಯ ಮುಖ ನೋಡುತ್ತಿದ್ದರು. ಅವರು ಬೇಡವೆಂದರೆ ಆ ಗಂಟು ಹಾಗೇ ಹಿಂದಕ್ಕೆ ಹೋಗುತ್ತಿತ್ತು, ತಂಗಿ ಇನ್ನು ಬದುಕಿರುವವರೆಗೆ ಹೋಟೆಲ್ ಬುತ್ತಿಯವಳಾಗುತ್ತಿದ್ದಳು.

ಅವರು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನಿಧಾನವಾಗಿ ತಿಂದು ಮುಗಿಸಿದರು. “ನನ್ನ ತವರು ಇಲ್ಲೇ, ನಮ್ಮ ಸೊರಬದ ಉಳವಿ” ಎಂದರು. “ಎಷ್ಟು ದೂರ? ಅಣ್ಣತಮ್ಮಂದಿರು ಮನೆ ತುಂಬ ಇದ್ರು, ಅತ್ತಿಗೇರು ಇದ್ರು, ಒಲೇನೂ ಇತ್ತು. ನಾನು ಹೆತ್ತ ಒಂದು ಮಗೂಗೂ ಬುತ್ತಿ ಬರ್ಲಿಲ್ಲ. ಇದೇ ಓಣಿ ನನ್ನ ಏನೇನು ಅಂದಿತ್ತು ಅಂತ ನನಗೆ ನೆನಪದೆ.” ಕೈ ಹಿಂದಕ್ಕೆ ತೆಗೆದುಕೊಂಡಾಕೆಯ ಕಡೆ ತಿರುಗಿದರು. “ಏಳು, ಎಲೆ ತಾ. ಮನೆಮನೆಗೂ ಹೋಗ್ಬೇಕು ಇದು. ಕೊಡೋವಾಗ ಎಲ್ಲಿಂದು ಅಂತ ಹೇಳೇ ಕೊಡು. ಶಿಕಾರಿಪುರದಾಗೆ ಒಳ್ಳೇದು ಅಂತ ಇದ್ದಿದ್ದೆಲ್ಲ ನಮ್ಮ ಸೊಸೆಗೆ ಬಂದದೆ.”

ತಂಗಿ ತಲೆಯೆತ್ತಿ ಇನ್ನೊಂದು ರೊಟ್ಟಿ ಕೇಳಿದಳು. ಸಂಜೆಯ ಹೊತ್ತಿಗೆ ಡಬ್ಬಿಗಳಲ್ಲಿ ಒಂದು ಅಗುಳೂ ಉಳಿದಿರಲಿಲ್ಲ.

ನಾನು ಹೊರಡುವಾಗ ತಂಗಿಯ ಅತ್ತೆ ಡಬ್ಬಿಗಳನ್ನು ಬೆಳಗಿ, ಖಾಲಿ ಕಳಿಸಬಾರದೆಂದು ಬೆಲ್ಲ ತುಂಬಿ ತಂದುಕೊಟ್ಟರು. “ಮಗು ನೋಡಕ್ಕೆ ಬರ್ತೀಯಲ್ಲ, ಅವಾಗ ಆ ಬದನೆಕಾಯಿ, ಎರಡು ರೊಟ್ಟಿ ಕಟ್ಟಿಸ್ಕೊಂಡು ಬಾ” ಎಂದರು.

“ತಂಗಿಗಾ?”

“ಅವಳಿಗೆ ಬಂತಲ್ಲ. ನನಗೆ.” ನನ್ನ ಮುಖ ನೋಡದೆ ಹೇಳಿ ಒಳಗೆ ಹೋದರು.

ಗಂಡು ಮಗು ಹುಟ್ಟಿದ ಸುದ್ದಿ ಬಂದ ದಿನವೇ ಖಾನಾವಳಿಗೆ ಹೋದೆ. ಈ ಸಲ ರೊಟ್ಟಿ, ಬದನೆಕಾಯಿ, ಜೊತೆಗೆ ಅನ್ನ, ಚಟ್ನಿಪುಡಿ ಎಲ್ಲವನ್ನೂ ಆ ಒಂದೇ ಒಲೆಯ ಮೇಲೆ ಮಾಡಿಸಿದೆ. ಉಪ್ಪು ಒಂದೇ ಕೈಯಿಂದ ಬೀಳುವುದನ್ನು ಎದುರಿಗೆ ನಿಂತು ನೋಡಿದೆ. ಬಿಳಿ ಪಂಚೆಯ ಗಂಟು ಹಿಡಿದು ಜಡೆಯ ಆ ಓಣಿಗೆ ಕಾಲಿಟ್ಟಾಗ ಬಾಗಿಲಲ್ಲಿ ಕೂತಿದ್ದವರೊಬ್ಬರು, “ಮತ್ತೆ ಬುತ್ತಿ ಯಾಕಪ್ಪಾ? ತಂಗಿಗೆ ಹೆರಿಗೆ ಆತಲ್ಲ?” ಎಂದು ಕೇಳಿದರು.

“ತಂಗಿಗಲ್ರಿ, ಅವರತ್ತೆಗೆ” ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ. “ಅವರ ತವರಿಂದ ಬಂದೀನಿ.”